ಹನ್ನೆರಡು ಮೊಟ್ಟೆಯ ಕೇಕು

ಕೋಳಿಮರಿ ಕೇಂದ್ರದಲ್ಲಿ ಅವಳದು ಮರಿ ಆರಿಸುವ ಕೆಲಸ. ಹುಟ್ಟಿ ಒಂದು ದಿನವಾದ ಮರಿಯ ರೆಕ್ಕೆ ಬಿಡಿಸಿ ನೋಡಬೇಕು. ಅಂಚಿನ ಪುಕ್ಕ ಒಂದು ಉದ್ದ, ಒಂದು ಗಿಡ್ಡ ಇದ್ದರೆ ಹೆಣ್ಣು. ಎಲ್ಲ ಒಂದೇ ಸಮ ಇದ್ದರೆ ಗಂಡು. ಹೆಣ್ಣು ಬಲಗಡೆಯ ಪೆಟ್ಟಿಗೆಗೆ, ಗಂಡು ಎಡಗಡೆಯ ಬೆಲ್ಟಿಗೆ. ಆ ಬೆಲ್ಟು ಗೋಡೆಯ ಕಿಂಡಿ ದಾಟಿ ಆಚೆ ಕೋಣೆಗೆ ಹೋಗುತ್ತಿತ್ತು. ಗಂಡು ಮೊಟ್ಟೆ ಇಡುವುದಿಲ್ಲ, ಆ ತಳಿ ಮಾಂಸಕ್ಕೂ ಬರುವುದಿಲ್ಲ. ಆಚೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆರು ವರ್ಷ ಆ ಕಡೆ ಕಣ್ಣು ಹಾಯಿಸಿರಲಿಲ್ಲ, ಅಷ್ಟೆ.

ಶನಿವಾರದಿಂದ ಮೂರು ದಿನ ರಜೆ. ಆಚೆ ಕೋಣೆಯವನು ಒಂದು ದಿನ ಮೊದಲೇ ಊರಿಗೆ ಹೊರಟುಬಿಟ್ಟಿದ್ದ. ಶುಕ್ರವಾರ ಮೇಲ್ವಿಚಾರಕರು ಅವಳನ್ನು ಕರೆದರು.

"ಅರ್ಧ ದಿನ ಆ ಕಡೆ ನಿಂತ್ಕೊಳ್ಳಮ್ಮ. ಮಷೀನು ತಾನೇ ಮಾಡುತ್ತೆ. ಬೆಲ್ಟಲ್ಲಿ ಎಲ್ಲಾದ್ರೂ ಕಟ್ಟಿಕೊಂಡ್ರೆ ಕೈಯಲ್ಲಿ ಸರಿಸು, ಸಾಕು."

ಅವಳು ನಿಂತಳು. ಮರಿಗಳು ಚಿಲಿಪಿಲಿ ಎನ್ನುತ್ತ ಸಾಲಾಗಿ ಬಂದು ಅರೆಯುವ ಮಷೀನಿನ ಬಾಯಿಗೆ ಬೀಳುತ್ತಿದ್ದವು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಒಂದು ಮರಿ ಅಂಚಿನ ತಗಡಿಗೆ ಕಾಲು ಸಿಕ್ಕಿಸಿಕೊಂಡು ನಿಂತಿತು. ಅದರ ಹಿಂದೆ ಉಳಿದವು ಗುಡ್ಡೆ ಬಿದ್ದವು. ಅವಳು ಕೈ ಚಾಚಿ ಅದನ್ನು ಬಿಡಿಸಿದಳು. ಬಿಡಿಸಿ, ಮುಂದಕ್ಕೆ ತಳ್ಳಿದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಮಷೀನಲ್ಲ, ಆ ತಳ್ಳಿದ ಕೈ.

ಮನೆಯಲ್ಲಿ ಅತ್ತೆ ಅಡುಗೆಮನೆ ಹಿಡಿದು ಕೂತಿದ್ದರು. ಮೂವತ್ತು ವರ್ಷ ಬೇಕರಿಯಲ್ಲಿ ದುಡಿದು ನಿವೃತ್ತರಾದ ಹೆಂಗಸು. ರಜೆ ಬಂದರೆ ಕಿರಿಮಗ ಬರುತ್ತಾನೆ, ಅವನು ಬಂದರೆ ಹನ್ನೆರಡು ಮೊಟ್ಟೆಯ ಕೇಕು ಆಗಲೇಬೇಕು. ಮೊಟ್ಟೆಯನ್ನು ಕೈಯಲ್ಲೇ ಕಡೆದು ಕಡೆದು ನೊರೆಯೆಬ್ಬಿಸಿ ಉಬ್ಬಿಸುವ ಕೇಕು ಅದು. ಸೋಡಾಪುಡಿ ಹಾಕಿ ಉಬ್ಬಿಸುವುದು ರಟ್ಟೆಯಲ್ಲಿ ಕಸುವಿಲ್ಲದವರ ಕೆಲಸ ಎಂಬುದು ಅವರ ಮಾತು. ಆ ಪುಡಿ ಮನೆಯೊಳಗೆ ಕಾಲಿಟ್ಟಿರಲಿಲ್ಲ.

"ಬಾ, ಬಾ. ಮೊಟ್ಟೆ ಒಡೆದುಕೊಡು," ಎಂದರು ಅತ್ತೆ.

"ನಾನು ಒಡೆಯಲ್ಲ ಅತ್ತೆ. ತಿನ್ನೋದೂ ಇಲ್ಲ, ಇನ್ಮೇಲೆ."

ಅತ್ತೆ ಸೊಸೆಯ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಅವಳು ನಡೆದದ್ದನ್ನು ಹೇಳಿದಳು, ಒಂದನ್ನೂ ಬಿಡದೆ.

ಅತ್ತೆ ಕೇಳಿಸಿಕೊಂಡರು. "ಅಯ್ಯೋ ಪಾಪ," ಎಂದರು. ಆಮೇಲೆ, "ಆದ್ರೆ ಈ ಮೊಟ್ಟೆ ಏನು ಮಾಡ್ತು? ತಂದಾಗಿದೆ. ಹಬೆಯಾಡೋ ಕೇಕು ಮುಂದಿಟ್ರೆ ನಿನ್ನ ವ್ರತ ನಿಲ್ಲುತ್ತಾ ನೋಡೋಣ."

ಶನಿವಾರ ಕೇಕು ಆಯಿತು. ಮೈದುನ ಬಂದ. ಕಾರು ಮಾರುವ ಅಂಗಡಿಯಲ್ಲಿ ಅವನ ಕೆಲಸ. ಬಾಯಿ ಬಿಟ್ಟರೆ ಯಾರನ್ನಾದರೂ ಕೆಣಕದೆ ಬಿಡದ ಮಾತುಗಾರ. ನಾಲ್ವರೂ ಮೇಜಿಗೆ ಕೂತರು. ಅತ್ತೆ ಎಲ್ಲರಿಗೂ ತುಂಡು ಹಾಕುತ್ತ ಬಂದರು. ಅವಳು ತಟ್ಟೆಗೆ ಅಡ್ಡ ಕೈ ಹಿಡಿದಳು.

"ಒಂದು ಚೂರು," ಎಂದ ಗಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಜಗಳ ಎಂದರೆ ಮಾರು ದೂರ ಸರಿಯುವವನು. "ಅಮ್ಮನ ಮನಸ್ಸಿಗೋಸ್ಕರ."

"ಬೇಡ ರೀ."

ಮೈದುನ ನಕ್ಕ. "ಅಲ್ಲ ಅತ್ತಿಗೆ, ತಿನ್ನೋದು ತಪ್ಪು, ಸರಿ. ಮಂಗಳವಾರ ಮತ್ತೆ ಹೋಗಿ ಆರಿಸ್ತೀರಲ್ಲ, ಅದು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು."

ಗಂಡ ತಮ್ಮನನ್ನು ದುರುಗುಟ್ಟಿ ನೋಡಿದ. ಅವಳಿಗೆ ಎದ್ದು ಹೋಗಬೇಕೆನಿಸಿತು. ಆದರೆ ಅವನ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದಳು, ಸಿಗಲಿಲ್ಲ.

"ನೀನು ಹೇಳಿದ್ದು ಸರಿಯಪ್ಪ," ಎಂದಳು. "ಅದನ್ನೂ ಬಿಡ್ತೀನಿ."

ಮೈದುನನ ಕೈಯಲ್ಲಿದ್ದ ತುಂಡು ಕೈಯಲ್ಲೇ ಉಳಿಯಿತು. "ನಾನು ತಮಾಷೆಗೆ ಅಂದೆ ಅತ್ತಿಗೆ."

"ಗೊತ್ತು. ನಾನು ತಮಾಷೆಗೆ ಅಂತಿಲ್ಲ."

ಅಂದು ಮಧ್ಯಾಹ್ನ ಗಂಡ ಹೆಂಡತಿ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತ ಮಾತಾಡಿಕೊಂಡರು. ಬೇರೆ ಕೆಲಸ ಸಿಕ್ಕಿದ ಮೇಲೆ ಬಿಡು ಎಂದ ಅವನು. ಒಂದು ತಿಂಗಳ ಗಡುವು ಕೊಟ್ಟು ಬಿಡುತ್ತೇನೆ, ಸಿಗಲಿ ಸಿಗದಿರಲಿ ಎಂದಳು ಅವಳು. ಅವನು ಒದ್ದೆ ಅಂಗಿಯನ್ನು ಎರಡು ಸಲ ಕೊಡವಿದ. "ನೀನು ಹಿಡಿದ ಹಟ ಬಿಡೋಳಲ್ಲ. ಆಯ್ತು, ಇಬ್ಬರೂ ಹುಡುಕೋಣ," ಎಂದ.

ಭಾನುವಾರ ಬೆಳಿಗ್ಗೆ ಅತ್ತೆ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಬಂದರು. ಅಡುಗೆಮನೆ ಬಾಗಿಲು ಹಾಕಿಕೊಂಡರು. ಒಂದು ಗಂಟೆಯ ನಂತರ ಹೊರಬಂದದ್ದು ನಡುವೆ ಕುಸಿದ, ಹಸಿಹಸಿ ಕೇಕು. ಏನೆಂದು ಕೇಳಿದ್ದಕ್ಕೆ, "ಮೊಟ್ಟೆ ಇಲ್ಲದ್ದು," ಎಂದಷ್ಟೇ ಹೇಳಿ ಕಸಕ್ಕೆ ಹಾಕಿದರು. ಎರಡನೆಯದಕ್ಕೆ ಚಾಕು ಇಳಿಯಲಿಲ್ಲ. ಮೈದುನ ಅದನ್ನು ಮೇಜಿಗೆ ಕುಟ್ಟಿ, "ಅಮ್ಮ, ಇಂಥವು ಇನ್ನೂರು ಮಾಡು, ಹಿತ್ತಲಿಗೆ ಗೋಡೆ ಕಟ್ಟೋಣ," ಎಂದ. ಅತ್ತೆ ನಗಲಿಲ್ಲ.

ಸೊಸೆಗೆ ತಡೆಯಲಾಗಲಿಲ್ಲ. ಒಳಗೆ ಹೋದಳು. ಕಟ್ಟೆಯ ಮೇಲೆ ಮೊಸರಿನ ಪಾತ್ರೆಯಿತ್ತು. ಪಕ್ಕದಲ್ಲಿ ಸೋಡಾಪುಡಿಯ ಡಬ್ಬಿ.

"ನಂಗೋಸ್ಕರ ಇಷ್ಟೆಲ್ಲ ಬೇಡ ಅತ್ತೆ. ನಾನು ಬ್ರೆಡ್ಡು ತಿಂತೀನಿ."

"ಕೋಳಿಮರಿ ವಿಷಯ ನಿಂದು. ಅದರಲ್ಲಿ ನಾನು ತಲೆ ಹಾಕಲ್ಲ," ಎಂದರು ಅತ್ತೆ ಹಿಟ್ಟು ಜರಡಿ ಹಿಡಿಯುತ್ತ. "ಆದ್ರೆ ನನ್ನ ಮೇಜಲ್ಲಿ ಒಬ್ಬರ ತಟ್ಟೆ ಖಾಲಿ ಇರೋದು ನಂಗೆ ಆಗಲ್ಲ. ಅದು ನನ್ನ ವಿಷಯ. ಆ ಸೌಟು ಕೊಡು."

ಸೋಮವಾರ ಮೂರನೆಯದು ಬೆಂದಿತು. ಎತ್ತರ ಅರ್ಧವೇ, ಒಂದು ಪಕ್ಕ ತುಸು ಸೀದಿತ್ತು. ಅತ್ತೆ ಮೊದಲು ತಾವೇ ಬಾಯಿಗಿಟ್ಟು, ತುಂಬ ಹೊತ್ತು ಅಗಿದು, "ಕೇಕು ಅಂತ ಹೇಳಲ್ಲ. ತಿನ್ನಬಹುದು," ಎಂದು ತೀರ್ಪು ಕೊಟ್ಟರು. ಅವಳು ಎರಡು ತುಂಡು ತಿಂದಳು. ಮೈದುನ ಸೀದ ಪಕ್ಕವನ್ನು ತನಗೆ ಹಾಕಿಸಿಕೊಂಡು, ಚೂರೂ ಬಿಡದೆ ಮುಗಿಸಿದ.

ಮಂಗಳವಾರ ಅವಳು ರಾಜೀನಾಮೆ ಪತ್ರ ಕೊಟ್ಟಳು. ಮೇಲ್ವಿಚಾರಕರು ಓದಿ ಕನ್ನಡಕ ತೆಗೆದರು.

"ನೀನು ಬಿಟ್ರೆ ಇನ್ನೊಬ್ಬಳು ಬರ್ತಾಳಮ್ಮ. ಒಂದು ಮರಿಯೂ ಉಳಿಯಲ್ಲ."

"ಗೊತ್ತು ಸಾರ್. ಆದ್ರೂ ಬಿಡ್ತೀನಿ."

ಆ ಒಂದು ತಿಂಗಳು ಅವಳಿಗೆ ಆರು ವರ್ಷಕ್ಕಿಂತ ಉದ್ದವಾಯಿತು. ರಜೆ ದಿನಗಳಲ್ಲಿ ಬೀದಿ ಬೀದಿ ಅಲೆದಳು. ಡಿಪೋದ ಹಿಂದಿನ ಬೀಜದ ಗೋದಾಮಿನವರು ಎರಡು ಸಲ ಇಲ್ಲವೆಂದರು. ಮೂರನೆಯ ಸಲ ಹೋದಾಗ, ಒಂದು ತಟ್ಟೆ ಬೀಜ ಸುರಿದು ಹುಳುಕು ತೆಗೆ ಎಂದರು. ಗೋದಾಮಿನ ಹಳಬರು ಅರ್ಧ ತಟ್ಟೆ ಮುಗಿಸುವಷ್ಟರಲ್ಲಿ ಅವಳು ಕೈ ಒರೆಸಿಕೊಂಡು ಕೂತಿದ್ದಳು.

ಈಗ ಅಲ್ಲೇ ಇದ್ದಾಳೆ. ದೂಳಿಗೆ ಬೆಳಿಗ್ಗೆಯೆಲ್ಲ ಸೀನುತ್ತಾಳೆ. ಗಂಡ ಡಿಪೋದ ಕ್ಯಾಂಟೀನಿನಲ್ಲಿ ಮೊಟ್ಟೆ ತಿನ್ನುತ್ತಾನೋ ಇಲ್ಲವೋ, ಅವಳು ಕೇಳುವುದಿಲ್ಲ. ಅತ್ತೆ ಮಾತ್ರ ಮುಚ್ಚುಮರೆ ಇಲ್ಲದೆ ಭಾನುವಾರ ತಮಗೊಂದು ಬೇಯಿಸಿಕೊಂಡು, ಉಪ್ಪು ಮೆಣಸು ಹಾಕಿ, ಸೊಸೆಯ ಎದುರೇ ಕೂತು ತಿನ್ನುತ್ತಾರೆ. ಸೊಸೆ ಅವರಿಗೆ ಚಹಾ ಬಗ್ಗಿಸಿಕೊಡುತ್ತಾಳೆ.