ತಲಿಗೆ ಪೆಟ್ಟು ಬಿದ್ದೈತೇನು?

“ಮುಂಜ್‌ಮುಂಜಾನೆ ಕುಡದು ಬಂದಿಯೇನಲೇ ಸತ್ಯಾ, ಭಾಡ್ಯಾ?”

ಗಜಾನನ ಸಾವ್ಕಾರ ನನ್ನ ಗಂಡನಿಗೆ ಹೀಗೆ ಕೇಳಿದಾಗ ನಾನು ಬಾಜೂಕೆ ಕೆಸರು ತುಳಿಯುತ್ತಿದ್ದೆ. ಖಾನಾಪುರದಾಚೆಯ ಆ ಇಟ್ಟಂಗಿ ಭಟ್ಟಿ ಅವನದು, ನಾವಿರುವ ಗುಡಿಸಲೂ ಅವನದೇ. ಗಂಡನ ಕೈಯಿಂದ ಅಚ್ಚು ಜಾರಿ, ಹಸಿ ಇಟ್ಟಂಗಿಗಳ ಮೇಲೆ ಬಿದ್ದು ನಾಲ್ಕೈದು ಕೆಟ್ಟಿದ್ದವು. ಅವನು ಏನೋ ಹೇಳಲು ಹೋದ. ನಾಲಿಗೆ ತೊದಲಿತು, ಬಾಯಿ ಸೊಟ್ಟಗಾಯಿತು. ಭಟ್ಟಿಯಲ್ಲಿ ತೊದಲಿದವನು ಕುಡಿದವನು, ಅಷ್ಟೇ.

“ಕುಡದಿಲ್ರೀ ಸಾವ್ಕಾರ್ರ. ನನ್ನ ಮುಂದನ ರೊಟ್ಟಿ ತಿಂದು ಬಂದಾರ್ರೀ.”

“ನೀ ಬಾಯಿ ಮುಚಗೊಂಡು ನಿನ್ನ ಕೆಲಸಾ ಮಾಡ.”

ಸಾವ್ಕಾರ ಸಲಿಕೆ ಎತ್ತಿ, ಅದರ ಮರದ ಕಾವಿನಿಂದ ಹಿಂದಲೆಗೆ ಒಂದು ಬಿಟ್ಟ. ದನಕ್ಕೂ ಯಾರೂ ಹಾಗೆ ಹೊಡೆಯುವುದಿಲ್ಲ. ಗಂಡ ಬೋರಲು ಬಿದ್ದ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ, ನಾನು ದವಡೆ ಕಚ್ಚಿ ನಿಂತೆ.

ಪಕ್ಕದ ಗುಡಿಸಲಿನ ಭರಮವ್ವ ಉಳ್ಳಾಗಡ್ಡಿ ಜಜ್ಜಿ ಅವನ ಮೂಗಿಗೆ ಹಿಡಿದಳು. ಕಣ್ಣು ಬಿಟ್ಟ, ಬಲಗೈ ಏಳಲಿಲ್ಲ.

“ಪ್ರಮಿಳಾ, ಲಕ್ವಾ ಹೊಡದೈತಿ ನೋಡವಾ,” ಎಂದಳು.

ಆಗ ಸಾವ್ಕಾರನ ಮುಖ ಇಳಿಯಿತು. ಇಟ್ಟಂಗಿ ಸಾಗಿಸುವ ಟೆಂಪೋದ ಹಿಂದೆ ನಮ್ಮನ್ನು ಹೇರಿ, ತಾನು ಮುಂದೆ ಕೂತು ಬೆಳಗಾವಿಗೆ ಹೊರಟ. ಗಂಡನ ತಲೆ ನನ್ನ ತೊಡೆಯ ಮೇಲಿತ್ತು. ಪೀರನವಾಡಿ ದಾಟುವಷ್ಟರಲ್ಲಿ ಕೂದಲೊಳಗೆ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. ರಕ್ತವಿಲ್ಲ. ನನಗೆ ಅಳುವೂ ಬರಲಿಲ್ಲ.

ಆಸ್ಪತ್ರೆಯಲ್ಲಿ ತಲೆಯನ್ನು ಸ್ಕ್ಯಾನ್ ಮಾಡಿದರು. ನಿಖಿತಾ ಎಂಬ ಡಾಕ್ಟರಬಾಯಿ ನನ್ನನ್ನು ಗಂಡನ ಮಂಚದ ಬಳಿ ಕರೆದಳು. ಸಾವ್ಕಾರ ಹಿಂದೆಯೇ ಬಂದ.

“ತಲ್ಯಾಗಿನ ನರದಾಗ ರಕ್ತ ಹೆಪ್ಪುಗಟ್ಟೈತಿ. ಲಗೂನ ಬಂದೀರಿ, ಛಲೋ ಆತು. ಹೆಪ್ಪು ಕರಗಸೂ ಇಂಜೆಕ್ಷನ್ ಐತಿ, ಕೊಟ್ರ ಕೈಕಾಲು ಹೊಳ್ಳಿ ಬರಬಹುದು. ಆದ್ರ ಖರೇ ಹೇಳ್ರಿ, ತಲಿಗೆ ಪೆಟ್ಟು ಬಿದ್ದೈತೇನು? ಬಿದ್ದಿದ್ರ ಈ ಇಂಜೆಕ್ಷನ್‌ನಿಂದ ಒಳಗ ರಕ್ತ ಸೋರತೈತಿ. ಜೀವಾನ ಹೋಗಬಹುದು.”

“ಇಲ್ರೀ ಮ್ಯಾಡಂ, ಕುಂತಲ್ಲೇ ವಾಲಿದಾ,” ಎಂದ ಸಾವ್ಕಾರ.

“ನಿಮ್ಮನ್ನ ಕೇಳಿಲ್ರಿ. ಹೆಂಡ್ತಿ ಹೇಳ್ಲಿ.”

ಅವಳು ನರ್ಸಿನ ಕಡೆ ತಿರುಗಿದಾಗ ಸಾವ್ಕಾರ ನನ್ನ ಕಿವಿಗೆ ಬಂದ.

“ಇಲ್ಲ ಅನ್ನು. ಇಂಜೆಕ್ಷನ್ ಬಿತ್ತಂದ್ರ ಎದ್ದು ಕುಂದರ್ತಾನ. ಹೌದಂದಿ ಅಂದ್ರ ಔಷಧಾನೂ ಇಲ್ಲ, ಗುಡಸಲಾನೂ ಇಲ್ಲ. ತಿಳೀತ?”

ನನಗೂ ಇಲ್ಲ ಎನ್ನಬೇಕೆನಿಸಿತು. ಆ ಕೈ ನನಗೆ ಬೇಕಿತ್ತು. ಇಟ್ಟಂಗಿ ಕೊಯ್ಯುವ ಕೈ, ದುಡಿದು ಬಂದ ನನ್ನ ಬೆನ್ನಿಗೆ ಎಣ್ಣೆ ತಿಕ್ಕುವ ಕೈ. ಗಂಡ ನನ್ನನ್ನೇ ನೋಡುತ್ತಿದ್ದ. ಜೊಲ್ಲು ಕುತ್ತಿಗೆಗೆ ಇಳಿದಿತ್ತು. ನರ್ಸ್ ಔಷಧದ ಸೀಸೆ ಕೈಗೆತ್ತಿಕೊಂಡಳು.

ನಾನು ಡಾಕ್ಟರಬಾಯಿಯ ಕೈ ಹಿಡಿದೆಳೆದು ಗಂಡನ ಕೂದಲೊಳಗೆ ಇಟ್ಟೆ.

“ಇಲ್ಲಿ ಬಡದಾನ್ರೀ. ಸಲಿಕಿ ಕಾವಿಲೆ. ಇಂವನ, ಈ ಸಾವ್ಕಾರ.”

ಅವಳ ಬೆರಳುಗಳು ಬಾವಿನ ಮೇಲೆ ನಿಂತವು. ಬೇಡವೆಂದು ನರ್ಸಿಗೆ ತಲೆಯಾಡಿಸಿದಳು. ಸೀಸೆ ಮತ್ತೆ ಕಪಾಟಿನೊಳಗೆ ಹೋಯಿತು.

“ಕೊಡಾಕ ಆಗೂದಿಲ್ಲವ್ವ. ಜೀವ ಉಳಸೂಣು. ಕೈ ಮಾತ್ರ…” ಎಂದಳು. ಆಮೇಲೆ ಪೊಲೀಸರಿಗೆ ಫೋನು ಮಾಡಲು ಹೊರಗೆ ಹೋದಳು.

“ನೋಡ, ನಿನ್ನ ಗಂಡನ ಕೈ ನೀನ ಕಳದಿ,” ಎಂದ ಸಾವ್ಕಾರ.

“ಕಳದಾಂವ ನೀನು.”

ಮದುವೆಯಾಗಿ ಬಂದಾಗಿನಿಂದ ನಾನು ಸಾವ್ಕಾರನಿಗೆ ‘ರೀ’ ಹಚ್ಚದೆ ಮಾತಾಡಿದವಳಲ್ಲ. ಅವನು ಬಾಗಿಲ ಕಡೆ ನಡೆದ. ನಾನು ಮುಂದೆ ಹೋಗಿ ಹೊಸ್ತಿಲಿಗೆ ಅಡ್ಡ ಕೂತು ಎರಡೂ ಕಡೆಯ ಚೌಕಟ್ಟು ಹಿಡಿದುಕೊಂಡೆ.

“ಏಳಲೇ, ದಾರಿ ಬಿಡ.”

“ಪೊಲೀಸ್ರು ಬರ್ಲಿ.”

ಮಂಚದ ಮೇಲೆ ಗಂಡ ನನ್ನನ್ನು ಕರೆಯುತ್ತಿದ್ದ. ಹೆಸರು ಅವನ ಬಾಯಲ್ಲಿ ಮೂಡಲಿಲ್ಲ, ಬರೀ ಗೊರಗೊರ ಸದ್ದು. ಮತ್ತೆ ಮತ್ತೆ ಕರೆದ. ನಾನು ಏಳಲಿಲ್ಲ.