ಜೈಬುನ್ನಿಸಾಳ ಮನೆ ಮುಂದಿನ ರಂಗೋಲಿ

ಬೆಳಗ್ಗೆ ರಾಮದುರ್ಗದ ಆ ಓಣಿಗೆ ಕಾಲಿಟ್ಟ ಮೇಸ್ತ್ರಿ ಖಾಸಿಮಸಾಬನಿಗೆ ತಾನು ಓಣಿ ತಪ್ಪಿ ಬಂದೆನೇನೋ ಅನ್ನಿಸಿತು. ನಿನ್ನೆ ಸಂಜೆಯವರೆಗೂ ಅವನು ಹಳೆಯ ಕಾಂಕ್ರೀಟ್ ರಸ್ತೆಯ ಒಂದೊಂದು ಹಾಸನ್ನೂ ಸುತ್ತಿಗೆಯಿಂದ ಬಡಿದು ನೋಡಿ, ಅಡಿಯ ಮಣ್ಣು ಕುಸಿದು ಅಲುಗಾಡುತ್ತಿದ್ದವಕ್ಕೆಲ್ಲ ಸುಣ್ಣದ ಗುರುತು ಹಾಕಿದ್ದ. ಅವನ್ನು ಒಡೆದು, ಜಲ್ಲಿಕಲ್ಲಿನ ಖಡಿ ತುಂಬಿ, ರೋಲರ್ ಓಡಿಸಿದ ಮೇಲೆಯೇ ಡಾಂಬರು. ಈಗ ನೋಡಿದರೆ ಒಂದು ಗುರುತೂ ಇಲ್ಲ! ಓಣಿಯುದ್ದಕ್ಕೂ ಸೆಗಣಿ ನೀರು ಹೊಡೆದು ರಂಗೋಲಿ ಹಾಕಿದ್ದರು. ಜೈಬುನ್ನಿಸಾಳ ಮನೆ ಮುಂದೆಯೂ ದೊಡ್ಡದೊಂದು ಕಮಲ.

“ಇದೇನ್ರೀ, ತಾರಾಬಾಯಾರ?”

ತಾರಾಬಾಯಿ ಕೈಯಲ್ಲಿ ಬಕೀಟು ಹಿಡಿದೇ ತಮ್ಮ ಮನೆಯ ಕಟ್ಟೆಯ ಮೇಲೆ ನಿಂತಿದ್ದರು. “ಪ್ಯಾಟ್ಯಾಗ ರಸ್ತಾ ಅಗಲ ಮಾಡೋ ಮುಂದ ಹಿಂಗ ಗುರುತು ಹಾಕಿ ಹೋದ್ರು. ಮರುದಿನಾನ ಕಟ್ಟಿ ಎಲ್ಲಾ ಕೆಡವಿದ್ರು. ನಾವು ಸುಮ್ನ ಕೂಡಬೇಕೇನು?”

“ಅವು ಮನಿ ಗ್ವಾಡಿ ಮ್ಯಾಲಿನ ಗುರುತ್ರೀ! ಇವು ರಸ್ತಾದ್ದು.”

“ರಸ್ತಾದಿಂದ ಗ್ವಾಡಿ ಏನು ಬಾಳ ದೂರ ಅದನು?”

“ಅಲ್ರೀ, ಜೈಬುನ್ನಿಸಾ ಮನಿ ಮುಂದ್ಯಾಕ ರಂಗೋಲಿ?”

“ಅಲ್ಲೂ ಗುರುತಿತ್ತಲ್ಲ. ನಮ್ಮನಿ ಮುಂದಿಂದಷ್ಟ ಅಳಿಸಿ, ಆಕಿ ಕಟ್ಟಿ ಹೋಗ್ಲಿ ಅಂತ ಬಿಡ್ಲೇನು?”

ಜೈಬುನ್ನಿಸಾ ಎದುರು ಮನೆಯ ಬಾಗಿಲಿನಿಂದಲೇ ಹೇಳಿದಳು: “ಚಂದ ಐತಲ್ಲ, ಭಾಯ್? ಸುತ್ತಿನ ಎಲಿ ನಾನ ಹಾಕೀನಿ.”

ಖಾಸಿಮಸಾಬನಿಗೆ ನಗಲೂ ಆಗಲಿಲ್ಲ. ಹೋದ ವರ್ಷ ಬೈಲಹೊಂಗಲದಲ್ಲಿ ಅಲುಗಾಡುವ ಹಾಸುಗಳನ್ನು ಹಾಗೇ ಬಿಟ್ಟು ಡಾಂಬರು ಹಾಕಿಸಿದ್ದ. ಮೊದಲ ಮಳೆಗೇ ರಸ್ತೆ ಬಿರಿದಿತ್ತು. ‘ಇನ್ನೊಮ್ಮೆ ಹಿಂಗಾದ್ರ ಮನಿ ದಾರಿ ಹಿಡಿ’ ಅಂದಿದ್ದರು ಗುತ್ತಿಗೆದಾರರು. ಡಾಂಬರಿನ ಲಾರಿ ನಿಲ್ಲಿಸಲು ಹೇಳೋಣವೆಂದು ಎಸ್‌ಟಿಡಿ ಬೂತಿಗೆ ಓಡಿದ. ಬಿಸಿ ಡಾಂಬರು ತುಂಬಿಕೊಂಡು ಲಾರಿ ಆಗಲೇ ಹೊರಟಾಗಿತ್ತು. ಮಧ್ಯಾಹ್ನಕ್ಕೆ ಇಲ್ಲಿರುತ್ತದೆ; ಮತ್ತೆ ಒಂದೊಂದೇ ಹಾಸು ಬಡಿದು ನೋಡಲು ಹೊತ್ತೆಲ್ಲಿ?

ತಿರುಗಿ ಬಂದವನು ಸಿಟ್ಟಿನಿಂದ ನೆಲಕ್ಕೆ ಕಾಲು ಅಪ್ಪಳಿಸಿದ. ಹಾಸು ಅಲುಗಿತು. ಸಂದಿಯಲ್ಲಿ ಇಳಿದಿದ್ದ ಸೆಗಣಿ ನೀರು ಪಿಚಕ್ಕನೆ ಚಿಮ್ಮಿ ಅವನ ಬಿಳಿ ಪಾಯಜಾಮವನ್ನು ಮೊಣಕಾಲಿನವರೆಗೆ ಹಸಿರು ಮಾಡಿತು. ಓಣಿಯೇ ನಕ್ಕಿತು. ಖಾಸಿಮಸಾಬ ಮಾತ್ರ ಬೆರಗಾಗಿ ಪಕ್ಕದ ಹಾಸನ್ನು ತುಳಿದ. ಅದು ಗಟ್ಟಿಯಿತ್ತು, ನೀರು ಬರಲಿಲ್ಲ. ಅದರಾಚೆಯದನ್ನು ತುಳಿದ. ಪಿಚಕ್!

“ತಾರಾಬಾಯಾರ! ಇನ್ನಷ್ಟು ನೀರು ಹೊಡೀರಿ! ಎಲ್ಲಾರೂ ತುಳೀರಿ! ನೀರು ಚಿಮ್ಮಿದ್ದಷ್ಟ ಒಡೀಬೇಕು. ಯಾರ ಕಟ್ಟೀನೂ ಮುಟ್ಟೂದಿಲ್ಲ, ಅಲ್ಲಾನ ಆಣಿ!”

ತಾರಾಬಾಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡರು. ಜೈಬುನ್ನಿಸಾ ಕುಡಿಯಲು ತುಂಬಿಟ್ಟಿದ್ದ ಕೊಡಗಳನ್ನೂ ಹೊರಗೆ ತಂದು ಸುರಿದಳು. ಓಣಿಯ ಹೆಂಗಸರೆಲ್ಲ ಧಪಧಪ ತುಳಿಯುತ್ತ ಸಾಗಿದರೆ, ಆಳು ಯಮನಪ್ಪ ಸುಣ್ಣದ ಬುಟ್ಟಿ ಹಿಡಿದು ಗುರುತು ಹಾಕುತ್ತ ಹಿಂದೆ ಓಡಿದ. ಕಮಲ ಬರೆದಿದ್ದ ಹಾಸೂ ಪಿಚಕ್ಕೆಂದಿತು. ಯಮನಪ್ಪ ಹಾರೆ ಎತ್ತಿದವನು ರಂಗೋಲಿ ನೋಡಿ ಕೆಳಗಿಳಿಸಿದ.

“ಹೊಡಿಯಪ್ಪಾ,” ಅಂದರು ತಾರಾಬಾಯಿ. “ಕರೇ ಡಾಂಬರದ ಮ್ಯಾಲ ಬಿಳೇದು ಇನ್ನೂ ಛಲೋ ಕಾಣತದ.”

ಮಧ್ಯಾಹ್ನದ ಹೊತ್ತಿಗೆ ಒಡೆಯಬೇಕಾದದ್ದೆಲ್ಲ ಒಡೆದು, ಖಡಿ ತುಂಬಿ, ರೋಲರ್ ಓಡಿಸಿ ಮುಗಿಯಿತು. ಓಣಿಯ ತುದಿಯಲ್ಲಿ ಲಾರಿ ಹಾರ್ನ್ ಹೊಡೆದಾಗ ಜೈಬುನ್ನಿಸಾ ತನ್ನ ಗಂಡನ ಒಗೆದ ಪಾಯಜಾಮ ತಂದು ಕೊಟ್ಟಳು. “ಮಾಲಕರ ಮುಂದ ಹಂಗ ನಿಂದ್ರಬ್ಯಾಡ, ಭಾಯ್.”

ಆಕೆಯ ಗಂಡ ಇಬ್ಬರು ಖಾಸಿಮಸಾಬರಷ್ಟು ದಪ್ಪ. ಗುತ್ತಿಗೆದಾರರು ಬಂದು ಅಲ್ಲಲ್ಲಿ ಹಿಮ್ಮಡಿಯಿಂದ ಗುದ್ದಿ ನೋಡಿದರು. ಯಾವ ಹಾಸೂ ಅಲುಗಲಿಲ್ಲ. “ಹೂಂ, ಸುರು ಮಾಡ,” ಅಂದರು.

ಖಾಸಿಮಸಾಬ ಒಂದು ಕೈಯಲ್ಲಿ ಜಾರುತ್ತಿದ್ದ ಪಾಯಜಾಮ ಬಿಗಿಯಾಗಿ ಹಿಡಿದುಕೊಂಡು, ಇನ್ನೊಂದು ಕೈ ಬೀಸಿ ಲಾರಿಯನ್ನು ಕರೆದ.