ಪೋಲಮ್ಮನ ಅಂಗುಳದ ಬೆಂಕಿ

ದೋಣಿ ದಡ ಮುಟ್ಟಿದರೆ ಮೀನಿನ ಹರಾಜು ಕೂಗುವವಳು ಪೋಲಮ್ಮನೇ. ಆಂಧ್ರದ ಶ್ರೀಕಾಕುಳದ ಆ ಬೆಸ್ತರ ಕೇರಿಯಲ್ಲಿ ಅವಳ ದನಿ ಅಲೆಯ ಮೊರೆತವನ್ನೂ ದಾಟಿ ಕೇಳುತ್ತಿತ್ತು. ಕೂಗಿ ದಣಿದ ಮೇಲೆ ಹೊಗೆಸೊಪ್ಪು ಸುತ್ತಿದ ಚುಟ್ಟಾ ಬೇಕು, ಅದೂ ಅಲ್ಲಿನ ಹೆಂಗಸರ ರೀತಿಯಲ್ಲಿ: ಉರಿಯುವ ತುದಿ ಬಾಯೊಳಗೆ, ತಣ್ಣನೆಯ ತುದಿ ಹೊರಗೆ. ಕಡಲ ಗಾಳಿಗೆ ಕಿಡಿ ಆರದು, ಬೂದಿ ಮೀನಿನ ಮೇಲೆ ಉದುರದು. ಅವಳ ಅಮ್ಮನೂ ಹಾಗೇ ಸೇದಿದವಳು.

ಈಚೆಗೆ ಮೀನಿನ ಹುಳಿ ಬಾಯಿಗಿಟ್ಟರೆ ಅಂಗುಳ ಚುರುಗುಟ್ಟುತ್ತಿತ್ತು. ಅಣ್ಣನ ಮಗಳು ನೂಕರತ್ನಂ ಆ ಕೇರಿಯ ಆಶಾ ಕಾರ್ಯಕರ್ತೆ. ಟಾರ್ಚ್ ಬಿಟ್ಟು ನೋಡಿ, ಬಿಳಿ ಮಚ್ಚೆಯಿದೆ, ಉರಿಯುವ ಚುಟ್ಟಾ ಬಾಯೊಳಗಿಡಬೇಡ, ಡಾಕ್ಟರಿಗೆ ತೋರಿಸೋಣ ಎಂದಳು. ಪೋಲಮ್ಮ ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರು ಅಂಗುಳ ಕೊಯ್ದರೆ ಮಾತು ಮೂಗಿನಲ್ಲಿ ಬಂದೀತು ಎಂಬ ಭಯ ಅವಳಿಗೆ. ದನಿ ಹೋದ ಮೇಲೆ ಪೋಲಮ್ಮ ಯಾರು?

ವಾರ ಕಳೆದು ಅವಳೇ ಹೆಮ್ಮೆಯಿಂದ ಕರೆದಳು. "ಲೇ ರತ್ನಂ, ನಿನ್ ಮಾತು ಕೇಳಿದೀನಿ ಕಣೇ. ಈಗ ಗಂಡಸ್ರ ಥರ ನೆಟ್ಟಗೆ ಸೇದ್ತೀನಿ."

"ಒಲೆ ಹೊರಗಿಟ್ಟು ಹೊಗೆ ಒಳಗೆ ಬಿಟ್ಕೊಂಡ್ರೆ ಗೋಡೆಗೆ ಮಸಿ ಹಿಡಿಯೋದು ತಪ್ಪುತ್ತಾ, ಅತ್ತೆ?"

ಅದೇ ಹೊತ್ತಿಗೆ, ಬಾಯೊಳಗಿನ ಚರ್ಮ ಹೇಗೆ ಬೆಳೆಯುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ಸಂಶೋಧನೆ ಮಾಡುವವರು ಶಾಲೆಯಲ್ಲಿ ಬೀಡುಬಿಟ್ಟಿದ್ದರು. ಸುಮ್ಮನೆ ನೋಡಿ ಬರೋಣವೆಂದು ರತ್ನಂ ಎಳೆದೊಯ್ದಳು. ಅವರಲ್ಲೊಬ್ಬ ಡಾಕ್ಟರಮ್ಮ ಅಂಗುಳದ ಮಚ್ಚೆ ನೋಡಿ, ಪೋಲಮ್ಮನ ಕೆನ್ನೆಯ ಒಳಗನ್ನು ಮೆಲ್ಲಗೆ ಕೆರೆದು, ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರು. ಎದುರಿನ ಪರದೆಯ ತುಂಬ ಮೀನಿನ ಪೊರೆಯಂಥ ತೆಳು ಚೂರುಗಳು; ಒಂದೊಂದರ ನಡುವೆಯೂ ಒಂದೊಂದು ಕಪ್ಪು ಚುಕ್ಕೆ. ಪೋಲಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಇಷ್ಟೂ ನನ್ ಬಾಯಲ್ಲಿದ್ದಿದ್ದಾ?"

ಅವು ಜೀವಕೋಶಗಳು, ಅಡಿಯಲ್ಲಿ ಹೊಸವು ಹುಟ್ಟುತ್ತಲೇ ಇರುತ್ತವೆ, ಮೇಲಿನ ಹಳೆಯವು ಉದುರುತ್ತವೆ ಎಂದರು ಡಾಕ್ಟರಮ್ಮ.

"ಅಂದ್ರೆ ಒಳಗೆ ಯಾರೋ ದಿನಾ ಬಲೆ ನೇಯ್ತಾ ಕೂತವ್ರೆ."

"ಹೌದಮ್ಮ. ನೀವು ದಿನಾ ಆ ಬಲೆ ಸುಡ್ತೀರಿ. ಅವರು ಹೆದರಿ ಗಂಟಿನ ಮೇಲೆ ಗಂಟು ಹಾಕ್ತಾರೆ. ಅದೇ ಬಿಳಿ ಮಚ್ಚೆ. ನಿಲ್ಲಿಸೋದು ಮರೆತು ಹಾಕ್ತಾನೇ ಹೋದ್ರೆ, ಅದು ಕ್ಯಾನ್ಸರ್."

ಮಚ್ಚೆಯಿಂದ ಅಕ್ಕಿಕಾಳಿನಷ್ಟು ತೆಗೆದು ನೋಡಬೇಕು, ಮರಗಟ್ಟಿಸುವ ಮದ್ದು ಕೊಡುತ್ತೇವೆ, ಅಷ್ಟಕ್ಕೆ ದನಿ ಹೋಗುವುದಿಲ್ಲ ಎಂದರು. ಪೋಲಮ್ಮ ಗಂಗಮ್ಮತಾಯಿಯನ್ನು ನೆನೆದು ಬಾಯಿ ತೆರೆದಳು.

ಫಲಿತಾಂಶ ಬಂತು: ಕ್ಯಾನ್ಸರ್ ಅಲ್ಲ, ಆದರೆ ಆ ಕಡೆಗೆ ಮುಖ ಮಾಡಿದೆ. ಅವಳು ಚುಟ್ಟಾದ ಕಟ್ಟನ್ನೇ ಕಡಲಿಗೆಸೆದಳು. ಸಂಜೆ ದಡದಲ್ಲಿ ಅದನ್ನೇ ಹುಡುಕುತ್ತಿದ್ದವಳನ್ನು ರತ್ನಂ ಕಂಡಳು. ಬೈಯಲಿಲ್ಲ, ಪಕ್ಕದಲ್ಲಿ ಕೂತು ಅಂಗೈಗೆ ಸೋಂಪು ಸುರಿದಳು. ಆಮೇಲೆ ಚುಟ್ಟಾದ ತಲುಬು ಬಂದಾಗಲೆಲ್ಲ ಪೋಲಮ್ಮ ಸೋಂಪಿಗೆಂದು ರತ್ನಂ ಮನೆಗೆ ಓಡುತ್ತಿದ್ದಳು.

ತಿಂಗಳುಗಳು ಕಳೆದು ಡಾಕ್ಟರಮ್ಮ ಮತ್ತೆ ನೋಡಿದಾಗ ಮಚ್ಚೆ ಬಹುಮಟ್ಟಿಗೆ ಕರಗಿತ್ತು. ಬರುತ್ತಲೇ ಇರಬೇಕು ಎಂದರು. ಮರುದಿನ ದಡದಲ್ಲಿ ಹರಾಜಿನ ಕೂಗು ಎದ್ದಿತು. ಅದು ತೀರಾ ಜೋರಾಗಿದ್ದರಿಂದ, ಅತ್ತೆಗೆ ಚುಟ್ಟಾನೇ ವಾಸಿಯಿತ್ತು ಎಂದು ರತ್ನಂ ಕಿವಿ ಮುಚ್ಚಿ ನಕ್ಕಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮಲ್ಲಿ ಚುಟ್ಟಾ ಇಲ್ಲದಿದ್ದರೆ ಬೀಡಿಯಿದೆ, ಗುಟ್ಕಾಯಿದೆ, ಎಲೆಯಡಿಕೆಯ ಜೊತೆ ಹೊಗೆಸೊಪ್ಪಿದೆ. ಇವತ್ತೇ ಕನ್ನಡಿ ಹಿಡಿದು ಬಾಯಿ ತೆರೆಯಿರಿ. ಬಿಳಿ ಅಥವಾ ಕೆಂಪು ಮಚ್ಚೆಯೋ, ಎರಡು ವಾರವಾದರೂ ಮಾಯದ ಹುಣ್ಣೋ ಕಂಡರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ದೇವರು ಒಳಗೆ ಕೂರಿಸಿದ ಬಲೆಗಾರ ಹಗಲಿರುಳು ದುಡಿಯುತ್ತಿದ್ದಾನೆ. ಅವನ ಬಲೆಗೆ ಬೆಂಕಿಯಿಡಬೇಡಿ.